ಹೊರಗೆ ಹನಿಯಬೇಕಾದ ನೀರು

ನಮ್ಮ ಕಾರಿನ ಮುಂದಿನ ಎಡಗಡೆಯ ಸೀಟು ಅತ್ತೆಯವರದು. ಅವರು ಕೇಳಿ ಪಡೆದದ್ದಲ್ಲ, ನಾವು ಕೊಟ್ಟದ್ದೂ ಅಲ್ಲ. ಆದರೆ ರಾಯಚೂರಿನ ನೆಂಟರಿಂದ ಆ ಹಳೆ ಕಾರು ಕೊಂಡುತಂದ ದಿನ ಅವರು ಬಾಗಿಲು ತೆಗೆದು ಅಲ್ಲಿ ಕೂತವರು, ಆಮೇಲೆ ಬೇರೆ ಯಾರನ್ನೂ ಕೂರಗೊಟ್ಟಿಲ್ಲ. ನಾನು ಓಡಿಸುತ್ತೇನೆ. ಹಿಂದಿನ ಸೀಟಿನ ತುಂಬ ಸೀರೆಯ ಗಂಟುಗಳು. ನಮ್ಮನೆಯವರು ನಾರಾಯಣಪೇಟೆಯ ಮನೆಯಲ್ಲಿ ಮಗ್ಗದ ಮುಂದೆ ಇರುತ್ತಾರೆ. ಅವರು ನೇಯ್ದದ್ದನ್ನೂ ಓಣಿಯ ಇನ್ನು ಕೆಲವು ಮನೆಗಳಲ್ಲಿ ನೇಯ್ದದ್ದನ್ನೂ ತೆಗೆದುಕೊಂಡು ಮಕ್ತಲ್, ಗದ್ವಾಲ ಕಡೆಯ ಮನೆಗಳಿಗೆ ಹೋಗಿ ತೋರಿಸಿ ಮಾರುವುದು ನನ್ನ ಕೆಲಸ. ಅತ್ತೆ ಬರುವುದು ಮಾತಿಗೆ. ನಾನು ಸೀರೆ ಬಿಡಿಸಿ ಹಾಸುತ್ತೇನೆ, ಅದರ ಗುಣಗಾನವನ್ನು ಅವರು ಮಾಡುತ್ತಾರೆ. ಎಷ್ಟೋ ಮನೆಗಳಲ್ಲಿ ಸೀರೆಗಿಂತ ಮೊದಲು ಅವರನ್ನೇ ಕೇಳುತ್ತಾರೆ.

ಮೊದಲೆಲ್ಲ ಬಸ್ಸಿನಲ್ಲೇ ಹೋಗುತ್ತಿದ್ದೆವು. ಗಂಟುಗಳನ್ನು ಮೇಲೆ ಹಾಕುವುದು, ಮಕ್ತಲ್‌ನಲ್ಲಿ ಇಳಿಸುವುದು, ಮತ್ತೊಂದು ಬಸ್ಸಿಗೆ ಏರಿಸುವುದು. ಮಕ್ಕಳು ದೊಡ್ಡವರಾದ ಮೇಲೆ ನಾನು ಕಾರು ಕಲಿತೆ. ಕಲಿಯುವಾಗ ಓಣಿಯ ಒಂದು ಜಗುಲಿಯ ಮೂಲೆ ಸ್ವಲ್ಪ ಕಿತ್ತುಹೋಯಿತು, ಅಷ್ಟೇ. ಕಾರು ಬಂದ ಮೇಲೆ ನನಗೆ ದೊಡ್ಡ ಸುಖವೆಂದರೆ ಅದರ ಏಸಿ. ಕಿಟಕಿ ಮುಚ್ಚಿದರೆ ಧೂಳು ಒಳಗೆ ಬರುವುದಿಲ್ಲ, ಸೀರೆ ಹೇಗೆ ಮಡಚಿಟ್ಟಿದ್ದೆವೋ ಹಾಗೆಯೇ ಇರುತ್ತದೆ. ಅತ್ತೆಗೆ ಸೆಕೆಯಲ್ಲಿ ಗಾಡಿ ಹತ್ತಿದರೆ ವಾಂತಿ. ತಂಪಿದ್ದರೆ ಮಾತ್ರ ಅವರು ದಾರಿಯುದ್ದಕ್ಕೂ ಹರಟುತ್ತಾರೆ.

ಈ ವರ್ಷ ಮಳೆ ಶುರುವಾದ ಮೇಲೆ ಗದ್ವಾಲದಿಂದ ಕರೆ ಬಂತು. ಶ್ರಾವಣದಲ್ಲಿ ಮಗಳ ಮದುವೆ, ಉಡುಗೊರೆ ಸೀರೆಗಳೆಲ್ಲ ನಿಮ್ಮಿಂದಲೇ ಬೇಕು ಎಂದರು ಆ ಮನೆಯ ಯಜಮಾನಿತಿ. ಹಳೆಯ ಗಿರಾಕಿ. ಅವರ ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನಾವು ಖುಷಿಯಿಂದ ಗಂಟು ಕಟ್ಟಿದೆವು. ಹಿಂದಿನ ಸೀಟು ತುಂಬಿ ಒಂದು ಗಂಟು ಉಳಿಯಿತು. ಅದನ್ನು ಅತ್ತೆಯ ಕಾಲ ಬಳಿ ಇಟ್ಟೆ.

ಮಕ್ತಲ್ ದಾಟಿದ ಮೇಲೆ ಮೋಡ ಕವಿದು ಒಳಗೆಲ್ಲ ಬೆವರಿನ ಹಬೆಯಂತಾಯಿತು. ಏಸಿ ಜೋರು ಮಾಡಿದೆ.

ಸ್ವಲ್ಪ ದೂರ ಹೋಗಿರಬೇಕು. ಅತ್ತೆ ಕಾಲು ಮೇಲೆತ್ತಿಕೊಂಡರು.

"ಏ ಹುಡುಗಿ, ಕಾಲಿಗೆ ಏನೋ ತಂಪ ಹತ್ತಾಕ್ಹತ್ತೈತಿ ನೋಡು."

"ಏಸಿ ಗಾಳಿ ಅತ್ತಿ."

"ಗಾಳಿ ನನಗ ಗೊತ್ತಾಗಂಗಿಲ್ಲೇನು? ಇದು ನೀರು."

"ನಿಮ್ಮ ನೀರಿನ ಬಾಟ್ಲಿ ಮುಚ್ಚಳ ಸರಿ ಹಾಕೀರೇನು ನೋಡ್ರಿ."

ಅವರು ಬಾಟಲಿ ಎತ್ತಿ ನೋಡಿ, ಮುಚ್ಚಳ ಬಿಗಿಯಾಗಿದೆ ಎಂದು ನನ್ನ ಮುಖದ ಮುಂದೆ ಹಿಡಿದರು. ರಸ್ತೆ ಕಾಣದಂತಾಯಿತು. ಅದನ್ನು ಪಕ್ಕಕ್ಕೆ ಸರಿಸಿ, ಮಳೆಯ ನೀರು ಚಪ್ಪಲಿಯಲ್ಲಿ ಬಂದಿರಬೇಕು ಎಂದುಕೊಂಡು ನಾನು ಓಡಿಸುತ್ತಲೇ ಹೋದೆ. ಜೂರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಅತ್ತೆ ಕೃಷ್ಣೆಗೆ ಕೈ ಮುಗಿಯಲೂ ಮರೆತು ಕಾಲು ಮಡಚಿ ಸೀಟಿನ ಮೇಲೆಯೇ ಕೂತಿದ್ದರು.

ಗದ್ವಾಲದ ಮನೆಯ ನಡುಮನೆಯಲ್ಲಿ ಚಾಪೆ ಹಾಸಿದ್ದರು. ಮದುಮಗಳು, ಅವಳ ತಾಯಿ, ಸೋದರತ್ತೆ, ಅಕ್ಕಪಕ್ಕದ ಹೆಂಗಸರು ಎಲ್ಲ ಸುತ್ತ ಕೂತರು. ಮೊದಲ ಗಂಟುಗಳು ಚೆನ್ನಾಗಿಯೇ ಬಿಚ್ಚಿಕೊಂಡವು. ಚೌಕಳಿ ಸೀರೆಗಳು ಕೈಯಿಂದ ಕೈಗೆ ಹೋದವು, ಕೆಲವನ್ನು ಅವರು ಅಲ್ಲಿಯೇ ಆರಿಸಿ ಪಕ್ಕಕ್ಕೆ ಇಟ್ಟುಕೊಂಡರು. ಕೊನೆಗೆ ಕಾಲ ಬಳಿ ಇಟ್ಟಿದ್ದ ಗಂಟನ್ನು ಬಿಚ್ಚಿದೆ. ಮೇಲಿನವು ಸರಿಯಾಗಿದ್ದವು. ಕೆಳಗಿನ ಸೀರೆ, ಅರಿಶಿನದ ಮೈ, ಕುಂಕುಮ ಬಣ್ಣದ ಅಂಚು, ನಮ್ಮನೆಯವರೇ ನೇಯ್ದದ್ದು, ಅದನ್ನು ಎತ್ತಿದ್ದು ನಾನಲ್ಲ, ಮದುಮಗಳ ಸೋದರತ್ತೆ. ಎತ್ತಿದವಳು ಬೆರಳು ಒರೆಸಿಕೊಂಡು, ಸೀರೆಯನ್ನು ಮೂಗಿನ ಹತ್ತಿರ ಹಿಡಿದು, "ತಡಿಗಾ ಉಂದಿ ವದಿನಾ!" ಎಂದಳು. ಒದ್ದೆಯಾಗಿದೆ ಅತ್ತಿಗೇ, ಎಂದು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿಯೇ ಕೇಳಿದಳು:

"ಏನ್ ಯವ್ವಾ, ಹಸಿ ಮಣ್ಣಿನ ವಾಸನಿ ಬರತೈತಲ್ಲ. ಬಾವ್ಯಾಗ ಬಿದ್ದಿತ್ತೇನು ಇದು?"

ಹೆಂಗಸರು ನಕ್ಕರು. ನನ್ನ ಕಿವಿ ಬಿಸಿಯಾದವು. ಸೀರೆಯನ್ನು ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ. ಆದರೆ ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ. ಸೀರೆಯನ್ನು ಅವಳ ಕೈಯಿಂದ ತೆಗೆದುಕೊಂಡು ಎಲ್ಲರ ಮುಂದೆ ಹರವಿದರು.

"ನೋಡ್ರೆವಾ, ಕಣ್ಣು ಬಿಟ್ಟು ನೋಡ್ರಿ. ಇಷ್ಟು ನೆಂದೈತಿ. ಕೆಂಪಂಚು ಹಳದಿಗೆ ಒಂದೀಟಾದ್ರೂ ಇಳದೈತೇನು? ಇದಕ್ಕಂತಾರ ನಾರಾಣಪ್ಯಾಟಿ ಬಣ್ಣ!"

ನಿಜಕ್ಕೂ ಬಣ್ಣ ಇಳಿದಿರಲಿಲ್ಲ. ಹೆಂಗಸರು ಬಗ್ಗಿ ನೋಡಿದರು, ತಲೆಯಾಡಿಸಿದರು. ಮಾನ ಅರ್ಧ ಉಳಿಯಿತು. ಮದುಮಗಳ ತಾಯಿ ಒಳ್ಳೆಯವರು. ಬೀಳ್ಕೊಡುವಾಗ, "ಶುಕ್ರವಾರ ಉಳಿದ ಸೀರಿ ತರ್ರಿ, ಅವತ್ತ ಬೀಗರ ಕಡಿ ಹೆಣ್ಮಕ್ಕಳೂ ಬರ್ತಾರ. ಆದ್ರ ಒಣಾ ಸೀರಿ ತರ್ರಿ ತಾಯಿ," ಎಂದರು. ಅವರು ತಮಾಷೆಗೆ ಹೇಳಿದ್ದು. ಆದರೂ ಆ 'ಒಣಾ' ಎಂಬ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು.

ವಾಪಸ್ ಬರುವಾಗ ಮಕ್ತಲ್‌ನಲ್ಲಿ ರಸ್ತೆ ಪಕ್ಕದ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮೆಕ್ಯಾನಿಕ್ ಬೇರೆ ಗಾಡಿಯ ಚಕ್ರ ಬಿಚ್ಚುತ್ತಿದ್ದ. ಎದ್ದು ಬಂದು ಅತ್ತೆಯ ಕಾಲ ಕೆಳಗಿನ ಕಾರ್ಪೆಟ್ಟನ್ನು ಒತ್ತಿ ನೋಡಿದ. ಒತ್ತಿದಲ್ಲಿ ನೀರು ಉಕ್ಕಿತು.

"ಅಕ್ಕಾ, ಕೂಲಿಂಗ್ ಕಾಯಿಲ್ ಇರೋ ಡಬ್ಬಿ ಒಡದಿರಬೇಕು. ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕಾಗತೈತಿ. ಮುಂದಿನ ವಾರ ಗಾಡಿ ಬಿಟ್ಟು ಹೋಗ್ರಿ."

"ಶುಕ್ರವಾರ ನಾ ಗದ್ವಾಲಕ ಹೋಗಾಕಬೇಕಲ್ರಿ."

"ಹಂಗಾರ ಅಲ್ಲಿ ತನಕ ಏಸಿ ಬಂದ್ ಮಾಡಿ ಓಡಸ್ರಿ."

"ಅದನ್ನ ಹೇಳಾಕ ನಿನ್ನ ತನಕ ಬರಬೇಕಾಗಿತ್ತೇನಪಾ?" ಎಂದರು ಅತ್ತೆ ಒಳಗಿನಿಂದ.

ಅವನು ನಕ್ಕು ಮತ್ತೆ ಚಕ್ರದ ಹತ್ತಿರ ಹೋದ. ಏಸಿ ಆರಿಸಿಯೇ ಊರಿಗೆ ಬಂದೆವು. ಅತ್ತೆ ದಾರಿಯಲ್ಲಿ ಒಮ್ಮೆ ಇಳಿದು ವಾಂತಿ ಮಾಡಿದರು.

ಮನೆಯಲ್ಲಿ ನಮ್ಮನೆಯವರಿಗೆ ನಡೆದದ್ದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಅವರು ಮಗ್ಗದಿಂದ ಕೈ ತೆಗೆದು ಒಂದೇ ಮಾತು ಕೇಳಿದರು.

"ಬಣ್ಣ ಬಿಡ್ತೇನು?"

"ಇಲ್ರಿ."

"ಮತ್ಯಾಕ ಅಳತಿ?"

ನನಗೆ ಸಿಟ್ಟು ಬಂತು, ನಗುವೂ ಬಂತು. ಬಸ್ಸಿಗೆ ಹೋಗು ಎಂದರು ಅವರು. ಬೇಕಾದರೆ ತಾವೂ ಬಂದು ಗಂಟು ಹೊರುವುದಾಗಿ ಹೇಳಿದರು. ಅದು ಪ್ರೀತಿಯ ಮಾತೇ. ಆದರೆ ಬೀಗರ ಕಡೆಯ ಹೆಂಗಸರ ಮುಂದೆ ಬಸ್ಸಿನಿಂದ ಇಳಿದು, ಕಾರು ಎಲ್ಲಿ ಎಂದರೆ ಕೆಟ್ಟಿದೆ ಎನ್ನುವುದು ನನಗೆ ಬೇಡವಾಗಿತ್ತು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚುವುದೂ ಬೇಡವಾಗಿತ್ತು. ಓಣಿಯಲ್ಲಿ ಒಬ್ಬರ ಕಾರಿಗೆ ಹಾಗೆ ಬಿಚ್ಚಿ ಕೂರಿಸಿದ ಮೇಲೆ ಅದು ಇವತ್ತಿಗೂ ಗೆಜ್ಜೆ ಕಟ್ಟಿಕೊಂಡ ಎತ್ತಿನ ಹಾಗೆ ಸದ್ದು ಮಾಡುತ್ತದೆ. ಬಿಚ್ಚುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನಾನೇ ಒಂದು ಸಲ ನೋಡಬೇಕು ಅನಿಸಿತು.

ಮರುದಿನ ಬೆಳಿಗ್ಗೆ ಶುರು ಮಾಡಿದೆ. ಮೊದಲ ಅನುಮಾನ ಮಳೆಯ ಮೇಲೆ. ನಮ್ಮನೆಯವರನ್ನು ಟಾರ್ಚ್ ಕೊಟ್ಟು ಕಾರಿನೊಳಗೆ ಕೂರಿಸಿ, ಕೊಡಗಟ್ಟಲೆ ನೀರು ತಂದು ಮುಂದಿನ ಗಾಜಿನ ಮೇಲೆ ಸುರಿದೆ. ಅವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ನೋಡಿದರು. ಒಂದು ಹನಿಯೂ ಇಳಿಯಲಿಲ್ಲ. ಹಾಗಾದರೆ ಇಂಜಿನ್ ತಣಿಸುವ ನೀರೇ? ಬಾನೆಟ್ ಎತ್ತಿದೆ. ಆ ನೀರಿನ ಡಬ್ಬಿ ಗೆರೆಯವರೆಗೂ ತುಂಬಿತ್ತು. ಅದರ ನೀರು ಹಸಿರು, ಮುಟ್ಟಿದರೆ ಅಂಟು. ಕಾರ್ಪೆಟ್ಟಿನಿಂದ ಹಿಂಡಿದ ನೀರಿಗೆ ಬಣ್ಣವಿಲ್ಲ, ಅಂಟೂ ಇಲ್ಲ. ಏಸಿ ಹಚ್ಚಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಅತ್ತೆಯ ಕಾಲ ಜಾಗದಲ್ಲಿ ಮೇಲಿನಿಂದ ತೊಟ್ ತೊಟ್ ಎಂದು ಹನಿಯತೊಡಗಿತು. ಏಸಿಯದೇ ನೀರು, ಅನುಮಾನವಿಲ್ಲ. ಹಾಗಾದರೆ ಮೆಕ್ಯಾನಿಕ್ ಹೇಳಿದ್ದೇ ಸರಿಯೇನೋ ಎಂದು ಎದೆ ಕುಸಿಯಿತು.

ಅಷ್ಟರಲ್ಲಿ ಅತ್ತೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದರು. ನಾವು ಒದ್ದಾಡುವುದನ್ನು ನೋಡಿ ತಮ್ಮಷ್ಟಕ್ಕೆ ಗೊಣಗಿದರು:

"ಹೋದ ವರ್ಷ ಈ ಗಾಡಿ ಬಂದು ನಿಂತ್ರ ಸಾಕು, ಕೆಳಗ ನೀರು ಸುರಿಸಿ ನನ್ನ ರಂಗೋಲಿ ಅಳಿಸಿಬಿಡತಿತ್ತು. ಈ ವರ್ಷ ನನ್ನ ಕಾಲ ಮ್ಯಾಲೆ ಸುರಸಾಕ್ಹತ್ತೈತಿ."

ನಾನು ಬಾನೆಟ್ ಹಿಡಿದವಳು ಹಾಗೆಯೇ ನಿಂತೆ.

"ಅತ್ತಿ, ಏನಂದ್ರಿ? ಹೋದ ವರ್ಷ ಕೆಳಗ ನೀರು ಬೀಳತಿತ್ತೇನು?"

"ದಿನಾ ಬೀಳತಿತ್ತಲ್ಲ! ನಿನಗ ಬೈದಿಲ್ಲೇನು ನಾನು?"

ಬೈದಿದ್ದರು. ಬಹಳ ಸಲ ಬೈದಿದ್ದರು. ಪ್ರತಿ ಸಲ ಏಸಿ ಹಾಕಿಕೊಂಡು ಬಂದು ನಿಲ್ಲಿಸಿದಾಗ ಎಡಗಡೆಯ ಮುಂದಿನ ಚಕ್ರದ ಹಿಂದೆ ಒಂದು ತಟ್ಟೆಯಷ್ಟು ನೀರು ನಿಲ್ಲುತ್ತಿತ್ತು. ಬಗ್ಗಿ ನೋಡಿದೆ. ನಾನು ಸುರಿದ ನೀರು ಇಂಗಿತ್ತು, ಏಸಿ ಇನ್ನೂ ಓಡುತ್ತಿದ್ದರೂ ಈಗ ಅಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಅಂದರೆ ನೀರು ಹೊಸದಾಗಿ ಹುಟ್ಟಿದ್ದಲ್ಲ. ಹೊರಗೆ ಹೋಗುತ್ತಿದ್ದ ನೀರಿಗೆ ದಾರಿ ಕಟ್ಟಿದೆ, ಅದಕ್ಕೆ ಒಳಗೆ ತುಂಬಿ ಸುರಿಯುತ್ತಿದೆ. ಡಬ್ಬಿ ಒಡೆದೇ ಇರಬೇಕೆಂದಿಲ್ಲ.

ನಮ್ಮನೆಯವರಿಗೆ ಈಗ ಆಸಕ್ತಿ ಹುಟ್ಟಿತು. ಫೋನಿನಲ್ಲಿ ಹುಡುಕಿ ಒಂದು ವಿಡಿಯೋ ತೆಗೆದರು. ಹಿಂದಿ ಮಾತಾಡುವ ಯಾರೋ ಒಬ್ಬ, ಬೇರೆಯೇ ಕಾರು. ಆದರೂ ಒಂದು ಮಾತು ಸ್ಪಷ್ಟವಾಗಿ ಹೇಳಿದ: ಎಲ್ಲ ಕಾರಿಗೂ ಏಸಿಯ ನೀರು ಹೊರಹೋಗಲು ಇಂಜಿನ್ನಿನ ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ. ಮೇಲಿನಿಂದ ಬಗ್ಗಿ ನೋಡಿದರೆ ನಮ್ಮ ಕಾರಿನಲ್ಲಿ ಕಾಣಲಿಲ್ಲ. ಕೆಳಗಿನಿಂದಲೇ ಹೋಗಬೇಕು.

"ಜಾಕ್ ಕೊಟ್ಟು ಎತ್ತಿ ಕೆಳಗ ಹೋಗಾಕ ನಾ ಬಿಡಂಗಿಲ್ಲ," ಎಂದರು ನಮ್ಮನೆಯವರು. "ಜಾರಿದ್ರ ಏನು ಗತಿ?"

ಅವರು ಎಲ್ಲದರಲ್ಲೂ ಮೊದಲು ಅಪಾಯ ಕಾಣುವ ಮನುಷ್ಯ. ಆ ದಿನ ಅದು ಒಳ್ಳೆಯದೇ ಆಯಿತು. ಹಿತ್ತಲಲ್ಲಿ ಬಿದ್ದಿದ್ದ ಹಳೆ ಮಗ್ಗದ ದಪ್ಪ ಅಗಲ ಹಲಗೆಗಳನ್ನು ತಂದು ಮುಂದಿನ ಚಕ್ರಗಳ ಎದುರು ಹಾಕಿದರು. ನಾನು ನಿಧಾನವಾಗಿ ಕಾರನ್ನು ಅವುಗಳ ಮೇಲೆ ಹತ್ತಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಕೀಲಿಕೈ ತೆಗೆದುಕೊಂಡೆ. ಹಿಂದಿನ ಚಕ್ರಗಳಿಗೆ ಅವರು ಕಲ್ಲು ಕೊಟ್ಟರು, ಒದ್ದು ನೋಡಿದರು, ಮತ್ತೆ ಕಲ್ಲು ಕೊಟ್ಟರು. ಆಮೇಲೆ ನಾನು ನೈಟಿಯ ಮೇಲೆ ಅವರ ಹಳೆ ಶರ್ಟು ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿದೆ.

ಆ ಹೊತ್ತಿಗೆ ಎದುರು ಮನೆಯವಳು ಹೊರಗೆ ಬಂದಳು.

"ಯವ್ವಾ! ಏನಾತ್ರಿ? ಗಾಡಿ ಕೆಳಗ ಯಾರ್ ಸಿಕ್ಯಾರ?"

"ಯಾರೂ ಸಿಕ್ಕಿಲ್ಲ, ನಮ್ಮಾಕಿನ ಹೋಗ್ಯಾಳ. ರಿಪೇರಿ ನಡದೈತಿ," ಎಂದರು ಅತ್ತೆ. ಅದರಲ್ಲಿ ಎಂಥ ಗತ್ತು ಎಂದರೆ ಕೆಳಗೆ ಮಲಗಿದ್ದ ನನಗೇ ಭಯವಾಯಿತು. ಇನ್ನು ಸೋತು ಹೊರಗೆ ಬರುವಂತಿರಲಿಲ್ಲ.

ಕೆಳಗಿನಿಂದ ಕಾರು ಬೇರೆಯೇ ಕಾಣುತ್ತದೆ. ಎಲ್ಲಿ ನೋಡಿದರೂ ಕಪ್ಪು ಮಣ್ಣು, ಕೊಳವೆಗಳು, ತಂತಿಗಳು. ನಮ್ಮನೆಯವರು ಹೊರಗಿನಿಂದ ಟಾರ್ಚ್ ಬಿಡುತ್ತಿದ್ದರು, ಆದರೆ ನನ್ನ ಕಣ್ಣಿಗೆ. ಎಡಕ್ಕೆ, ಮೇಲಕ್ಕೆ, ಇನ್ನೂ ಮೇಲಕ್ಕೆ ಎನ್ನುತ್ತ ಕೊನೆಗೆ ಒಂದು ಕಡೆ ಬೆಳಕು ನಿಂತಿತು. ಬೆರಳಿನ ದಪ್ಪದ, ಮೊಣಕೈಯ ಹಾಗೆ ಬಾಗಿದ ಒಂದು ರಬ್ಬರ್ ಕೊಳವೆ. ಅದರ ತುದಿಯಲ್ಲಿ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ಸಿಕ್ತ್ರೀ!" ಎಂದು ಕೂಗಿದೆ.

ಸಿಕ್ಕಿದ್ದು ಸುಲಭ, ಬಿಡಿಸುವುದು ಕಷ್ಟವಾಯಿತು. ಮೊದಲು ಪೊರಕೆ ಕಡ್ಡಿ ಹಾಕಿದೆ. ಒಳಗೆ ಹೋಗಿ ಲಟಕ್ಕೆಂದು ಮುರಿಯಿತು. ಮುರಿದ ತುಂಡು ಒಳಗೇ ಉಳಿಯಿತು. ಇದ್ದ ಕಟ್ಟಿನ ಜೊತೆಗೆ ನಾನೇ ಇನ್ನೊಂದು ಕಟ್ಟು ಹಾಕಿದಂತಾಯಿತು. ಏನಾಯಿತೆಂದು ನಮ್ಮನೆಯವರು ಹೊರಗಿನಿಂದ ಕೇಳಿದರು. ಏನಿಲ್ಲ ಎಂದೆ. ನೂಲಿನ ಗಂಟು ಕೀಳುವ ಚಿಮಟ ಕೊಡಿ ಎಂದೆ. ಕೊಟ್ಟರು. ಬೆವರು ಕಣ್ಣಿಗಿಳಿಯುತ್ತಿತ್ತು. ಚಿಮಟದಿಂದ ಮೂರ್ನಾಲ್ಕು ಸಲ ಜಾರಿ, ಆಮೇಲೆ ಆ ತುಂಡು ಹೊರಗೆ ಬಂತು.

"ತಂತಿ ಕೊಡಲೇನು?" ಎಂದರು ಅವರು. ಕೂಡಲೇ ಅವರೇ, "ಬ್ಯಾಡ ಬ್ಯಾಡ, ತಂತಿ ಒಳಗ ಕಾಯಿಲಿಗೆ ಚುಚ್ಚೀತು," ಎಂದು ಹಿಂದೆ ಸರಿದರು.

ಚುಚ್ಚದ, ಮುರಿಯದ, ಬಾಗುವ ವಸ್ತು ಬೇಕಿತ್ತು. ಅತ್ತೆ ಎದ್ದು ಹೋಗಿ ತಮ್ಮ ಹೂವಿನ ಕುಂಡಗಳಿಗೆ ಹಾಕಿದ್ದ ಡ್ರಿಪ್ಪಿನ ಸಣ್ಣ ಪೈಪಿನ ಒಂದು ತುಂಡು ಕತ್ತರಿಸಿ ತಂದರು. ಹೊಲಗಳಲ್ಲಿ ಗಿಡದ ಬುಡಕ್ಕೆ ನೀರು ಬಿಡುವ ಆ ಕಪ್ಪು ಪೈಪು, ದಪ್ಪ ಸೂಜಿಯಷ್ಟೇ ಇರುತ್ತದೆ. ಅದು ಕೊಳವೆಯ ಬಾಗಿಗೆ ಬಾಗಿ ಒಳಗೆ ಹೋಯಿತು. ಒಂದು ಕಡೆ ಮೆತ್ತಗೆ ತಡೆಯಿತು. ತಿರುಗಿಸಿದೆ, ಎಳೆದೆ, ಮತ್ತೆ ದೂಡಿದೆ. ಏನೂ ಬರಲಿಲ್ಲ. ಆ ಪೈಪಿನ ಹೊರತುದಿಗೆ ಬಾಯಿ ಇಟ್ಟು ಊದಿದೆ. ಗಾಳಿ ವಾಪಸ್ ನನ್ನ ಬಾಯಿಗೇ ಬಂತು, ಮಣ್ಣಿನ ರುಚಿಯ ಜೊತೆಗೆ. ತೋಳು ಸೋತು ಕೈ ಎದೆಯ ಮೇಲೆ ಬಿತ್ತು. ಹೊರಗೆ ಎದುರು ಮನೆಯವಳು ಅತ್ತೆಗೆ, ಮಕ್ತಲ್‌ಗೆ ಬಿಟ್ಟು ಬರುವುದೇ ವಾಸಿ ಎಂದು ಹೇಳುತ್ತಿದ್ದುದು ಕೇಳಿಸಿತು.

ಆ ಮಾತು ಕೇಳಿ ಮತ್ತೆ ಕೈ ಎತ್ತಿದೆ. ಈ ಸಲ ಪೈಪು ಬಿಟ್ಟು ರಬ್ಬರ್ ಕೊಳವೆಯನ್ನೇ ಹಿಡಿದೆ. ಹಸುವಿನ ಮೊಲೆ ಹಿಡಿದ ಹಾಗೆ ಮೇಲಿನಿಂದ ಕೆಳಕ್ಕೆ ಒತ್ತುತ್ತ ಎಳೆದೆ. ಒಳಗೆ ಏನೋ ಗಂಟು ಕದಲಿದ್ದು ಬೆರಳಿಗೆ ತಿಳಿಯಿತು. ಇನ್ನೊಮ್ಮೆ ಎಳೆದೆ, ಕೆಳಗೆ ಜಾರಿತು. ಮತ್ತೊಮ್ಮೆ ಎಳೆಯುವಷ್ಟರಲ್ಲಿ ಬೂದು ಬಣ್ಣದ ಒಂದು ಮುದ್ದೆ ಪಚಕ್ಕೆಂದು ನನ್ನ ಗದ್ದದ ಮೇಲೆ ಬಿತ್ತು. ಅದರ ಹಿಂದೆಯೇ ನೀರು. ಹನಿಯಲ್ಲ, ಧಾರೆ. ಕೂಲಿಂಗ್ ಕಾಯಿಲಿನ ಡಬ್ಬಿಯಲ್ಲಿ ಅಷ್ಟು ದಿನ ನಿಂತ ಕೊಳಕು, ತಣ್ಣನೆಯ ನೀರೆಲ್ಲ ನನ್ನ ಮುಖದ ಮೇಲೆ, ಕಿವಿಯೊಳಗೆ, ಕುತ್ತಿಗೆಯ ಕೆಳಗೆ ಸುರಿಯಿತು. ನಾನು ಕಿರುಚಿದೆ.

ನಮ್ಮನೆಯವರು ಟಾರ್ಚ್ ಎಸೆದು ನನ್ನ ಎರಡೂ ಕಾಲು ಹಿಡಿದು ಎಳೆದೇಬಿಟ್ಟರು.

"ಏನಾತು? ಏನ್ ಬಿತ್ತು ಮೈಮ್ಯಾಲೆ?"

"ನೀರು ರೀ! ನೀರು ಬಂತು!"

ಗೋಣಿಚೀಲದ ಸಮೇತ ಹೊರಗೆ ಬಂದ ನಾನು ಅಂಗಳದಲ್ಲಿ ಕೂತು ನಗತೊಡಗಿದೆ. ಮುಖದಿಂದ ಕಪ್ಪು ನೀರು ಇಳಿಯುತ್ತಿತ್ತು. ಅವರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಕಾರಿನ ಕೆಳಗೆ ಬಗ್ಗಿ, ಹರಿದುಬರುತ್ತಿದ್ದ ನೀರನ್ನು ಕಣ್ಣಾರೆ ನೋಡಿ, ಎದುರು ಮನೆಯವಳನ್ನು ಕೈ ಹಿಡಿದು ಕರೆತಂದು ಅವಳಿಗೂ ಬಗ್ಗಿಸಿ ತೋರಿಸಿದರು.

ಆಮೇಲೆ ಕಾರನ್ನು ಹಲಗೆಯಿಂದ ಇಳಿಸಿ ಏಸಿ ಹಚ್ಚಿ ನಿಂತೆವು. ನಾವೂ ಅಷ್ಟರಲ್ಲಿ ಸೇರಿದ್ದ ಓಣಿಯವರೂ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದೆವು. ಎಡ ಚಕ್ರದ ಹಿಂದೆ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಬಿಡದೆ ಬೀಳತೊಡಗಿತು. ಕಾರಿನೊಳಗೆ ಹನಿಯುವುದು ನಿಂತಿತ್ತು. ನನ್ನ ಮೊದಲ ಮಗು ಹೆಜ್ಜೆಯಿಟ್ಟಾಗಲೂ ಓಣಿಯವರು ಅಷ್ಟು ಹೊತ್ತು ಬಗ್ಗಿ ನೋಡಿರಲಿಲ್ಲ.

ಆ ಬೂದು ಮುದ್ದೆಯನ್ನು ನಮ್ಮನೆಯವರು ಎತ್ತಿಕೊಂಡು, ನಲ್ಲಿಯ ಕೆಳಗೆ ಹಿಡಿದು ತೊಳೆದು, ಬೆರಳಿನಿಂದ ಬಿಡಿಸಿದರು. ಮಣ್ಣು, ಬೇವಿನ ಎಲೆಯ ಚೂರು, ಮತ್ತೆ ಎಳೆಗಳು. ಹಳದಿ, ಕೆಂಪು, ಗಿಳಿಹಸಿರು ಹತ್ತಿಯ ಎಳೆಗಳು.

"ಇದು ನಮ್ಮ ನೂಲು," ಎಂದರು.

ಮಗ್ಗದ ಕೋಣೆಯ ಕಿಟಕಿಯ ಕೆಳಗೆಯೇ ನಾನು ಕಾರು ನಿಲ್ಲಿಸುತ್ತಿದ್ದೆ. ಅಲ್ಲಿಂದ ಹಾರುವ ನೂಲಿನ ಧೂಳು ಮುಂದಿನ ಗಾಜಿನ ಕೆಳಗಿರುವ ಜಾಲರಿಯಲ್ಲಿ ಇಳಿದು, ಏಸಿಯ ಗಾಳಿಯ ಜೊತೆ ಒಳಗೆ ಸೇರಿ, ಒದ್ದೆಯಾಗಿ, ಗಂಟುಕಟ್ಟಿತ್ತು. ಗಾಳಿ ಸೋಸುವ ಫಿಲ್ಟರ್ ಇರಬೇಕಾದ ಜಾಗ ಖಾಲಿ ಇತ್ತು. ಕಾರು ಕೊಟ್ಟ ನೆಂಟರು ತೆಗೆದು ಮತ್ತೆ ಹಾಕಿರಲಿಲ್ಲವೇನೋ. ಅದನ್ನು ತರಿಸಿ ಹಾಕಿದೆವು. ಕಾರು ನಿಲ್ಲಿಸುವ ಜಾಗವನ್ನು ಹುಣಸೆ ಮರದ ಕಡೆಗೆ ಬದಲಿಸಿದೆವು. ನಮ್ಮನೆಯವರು ಎಳೆಗಳನ್ನು ಬೆಳಕಿಗೆ ಹಿಡಿದು ನೋಡುತ್ತ, "ಇಷ್ಟು ದಿನ ನೀರಾಗ ಇದ್ದಾವ, ಬಣ್ಣ ಹಂಗ ಐತಿ ನೋಡು," ಎಂದದ್ದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಇನ್ನು ಉಳಿದದ್ದು ಒಣಗಿಸುವ ಕೆಲಸ. ಕಾರ್ಪೆಟ್ಟಿನ ಕೆಳಗೆ ಹಾಸಿದ್ದ ದಪ್ಪ ಸ್ಪಂಜು ಕೆರೆಯ ಹಾಗಿತ್ತು. ಬಾಗಿಲ ಬದಿಯ ಪಟ್ಟಿ ಬಿಚ್ಚಿ, ಕಾರ್ಪೆಟ್ಟು ಮೇಲೆತ್ತಿ, ಹಳೆ ಪಂಚೆಗಳನ್ನು ಒತ್ತಿ ಒತ್ತಿ ಹಿಂಡಿದೆವು. ಬಿಸಿಲಿರಲಿಲ್ಲ. ಮಗ್ಗದ ಕೋಣೆಯ ಟೇಬಲ್ ಫ್ಯಾನನ್ನು ಅಂಗಳಕ್ಕೆ ತಂದು ಕಾರಿನ ಬಾಗಿಲ ಮುಂದೆ ಇಟ್ಟೆವು. ಫ್ಯಾನಿಲ್ಲದೆ ನೇಯುತ್ತ ನಮ್ಮನೆಯವರು ಬನಿಯನ್ ಕಳಚಿ ಕೂತರು. ಗುರುವಾರದ ಹೊತ್ತಿಗೆ ಕೈ ಒತ್ತಿದರೆ ಒಣಗಿತ್ತು, ಆದರೆ ವಾಸನೆ ಉಳಿದಿತ್ತು. ಅತ್ತೆ ಕೆಂಡದ ಮೇಲೆ ಲೋಬಾನ ಹಾಕಿ, ಕಾರಿನ ಬಾಗಿಲುಗಳನ್ನು ತೆರೆದಿಟ್ಟು, ದೇವರಿಗೆ ಹಿಡಿದ ಹಾಗೆ ಧೂಪ ಹಿಡಿದರು. ಸೀಟಿನ ಮೇಲೆ ಕಿಡಿ ಬಿದ್ದೀತೆಂದು ನಮ್ಮನೆಯವರು ನೀರಿನ ಚೊಂಬು ಹಿಡಿದು ಅವರ ಹಿಂದೆಯೇ ತಿರುಗಿದರು.

ಶುಕ್ರವಾರ ಬೆಳಿಗ್ಗೆ ಹೊರಟೆವು. ಈ ಸಲವೂ ಒಂದು ಗಂಟು ಉಳಿಯಿತು. ಅತ್ತೆಯೇ ಅದನ್ನು ತಮ್ಮ ಕಾಲ ಬಳಿ ಇಟ್ಟುಕೊಂಡರು.

"ಹಿಂದ ಹೆಂಗರ ಸೇರಸೋಣ ಅತ್ತಿ," ಎಂದೆ.

"ಇರಲಿ ಬಿಡು. ನೀ ಮಾಡೀದಿ ಅಂದ ಮ್ಯಾಲೆ ಅಂಜಿಕಿ ಯಾಕ?"

ಅವರಿಂದ ಅಷ್ಟು ದೊಡ್ಡ ಮಾತು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆದರೂ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಕೂತಿದ್ದರು. ಆಗಾಗ ಹೆಬ್ಬೆರಳಿನಿಂದ ಕಾರ್ಪೆಟ್ಟು ಒತ್ತಿ ನೋಡುತ್ತಿದ್ದುದು ನನಗೆ ಓರೆಗಣ್ಣಿಗೆ ಕಾಣುತ್ತಿತ್ತು. ನಾನು ಏಸಿಯನ್ನು ಪೂರ್ತಿ ಜೋರು ಮಾಡಿದೆ.

ಮಕ್ತಲ್‌ನಲ್ಲಿ ಚಹಾ ಕುಡಿಯಲು ನಿಲ್ಲಿಸಿದೆ. ಆ ಗ್ಯಾರೇಜಿನ ಎದುರಿಗೇ ನಿಲ್ಲಿಸಿದೆ, ಸುಳ್ಳು ಯಾಕೆ ಹೇಳಲಿ. ಮೆಕ್ಯಾನಿಕ್ ನಮ್ಮನ್ನು ಗುರುತು ಹಿಡಿದು ಬಂದ. ಅತ್ತೆ ಬೆರಳು ಕೆಳಗೆ ತೋರಿಸಿದರು. ಕಾರಿನ ಕೆಳಗೆ ನೀರು ಮಡುಗಟ್ಟುತ್ತಿತ್ತು. ಅವನು ಬಗ್ಗಿ ನೋಡಿ, ಎದ್ದು, ಬಾಯಿ ತುಂಬ ನಕ್ಕ.

"ಪೈಪ್ ಕಟ್ಟಿತ್ತಾ? ಅವತ್ತ ಗಡಿಬಿಡಿಯಾಗ ಕೆಳಗ ನೋಡ್ಲೇ ಇಲ್ಲ ನೋಡ್ರಿ. ಯಾರ್ ತೆಗದ್ರು ಅಕ್ಕಾ?"

"ನಾನ."

"ನೀವ? ಖರೇನ?"

ಅವನೇ ಚಹಾ ತರಿಸಿದ. ಬಾನೆಟ್ ತೆಗೆಸಿ ಏಸಿಯ ಗ್ಯಾಸ್ ಹರಿಯುವ ಪೈಪುಗಳ ಜೋಡಣೆಗಳನ್ನು ತೋರಿಸಿದ. ನೀರಿನ ಕೆಲಸ ನೀವು ಮಾಡಿದಿರಿ, ಆದರೆ ಇಲ್ಲಿ ಎಣ್ಣೆಯ ಜಿಡ್ಡು, ಅದರ ಮೇಲೆ ಧೂಳು ಕಂಡರೆ ಗ್ಯಾಸ್ ಸೋರುತ್ತಿದೆ ಎಂದು ತಿಳಿಯಿರಿ, ಅದಕ್ಕೆ ಮಾತ್ರ ಕೈ ಹಾಕಬೇಡಿ, ನಮ್ಮ ಹತ್ತಿರವೇ ಬನ್ನಿ ಎಂದ. ನಮ್ಮದರಲ್ಲಿ ಜಿಡ್ಡು ಇರಲಿಲ್ಲ.

ಗದ್ವಾಲದ ಮನೆಯ ಮುಂದೆ ಇಳಿದಾಗ ನಾನು ಮೊದಲು ಮುಟ್ಟಿದ್ದು ಅತ್ತೆಯ ಕಾಲ ಬಳಿಯ ಗಂಟನ್ನು. ಒಣಗಿತ್ತು, ತಣ್ಣಗಿತ್ತು. ನಡುಮನೆಯಲ್ಲಿ ಈ ಸಲ ಬೀಗರ ಕಡೆಯವರೂ ಸೇರಿ ಚಾಪೆ ಸಾಲಲಿಲ್ಲ. ಅದೇ ಗಂಟನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿದೆ. ಮದುಮಗಳ ಸೋದರತ್ತೆ ಕೆಳಗಿನ ಸೀರೆಯನ್ನೇ ಎಳೆದು ಮೂಗಿಗೆ ಹಿಡಿದಳು.

"ಲೋಬಾನದ ವಾಸನಿ!" ಎಂದಳು. "ದೇವರ ಮನ್ಯಾಗ ಇಟ್ಟಿದ್ರೇನು?"

"ಮದವಿ ಸೀರಿ ಅಂದ್ರ ಹಂಗ ತರಬೇಕವಾ," ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಆಮೇಲೆ ನನ್ನ ಕೈಗೆ ಬಿಡುವಿರಲಿಲ್ಲ. ಬಿಡಿಸಿ ಹಾಸಿದ್ದನ್ನು ಮಡಚಿ ವಾಪಸ್ ಇಟ್ಟುಕೊಳ್ಳುವ ಪ್ರಸಂಗ ಹೆಚ್ಚು ಬರಲಿಲ್ಲ. ಬೀಗರ ಕಡೆಯ ಹಿರಿಯಳೊಬ್ಬಳು ತನ್ನ ಸೊಸೆಯರಿಗೆಂದು ಬೇರೆಯೇ ಒಂದು ಗುಡ್ಡೆ ಮಾಡಿಟ್ಟಳು. ಒದ್ದೆಯಾಗಿದ್ದ ಆ ಅರಿಶಿನ ಸೀರೆಯನ್ನು ನಾನು ಒಗೆದು ಇಸ್ತ್ರಿ ಮಾಡಿ, ಮಾರುವುದಕ್ಕಲ್ಲ, ಮನೆಯಲ್ಲಿಯೇ ಉಡಲು ಇಟ್ಟಿದ್ದೆ. ಅದೆಲ್ಲಿ ಹೋಯಿತೆಂದು ಮದುಮಗಳು ತಾನಾಗಿ ಕೇಳಿದಳು. ಅಷ್ಟು ನೆನೆದರೂ ಬಣ್ಣ ಬಿಡದ ಸೀರೆ ತನಗೆ ಬೇಕಂತೆ. ಅಂಥದೇ ಇನ್ನೊಂದನ್ನು ನಮ್ಮನೆಯವರಿಂದ ನೇಯಿಸಿ ಕೊಡುತ್ತೇನೆಂದು ಒಪ್ಪಿಕೊಂಡೆ.

ಊಟದ ಹೊತ್ತಿಗೆ ಅತ್ತೆ ಇಡೀ ಕಥೆ ಹೇಳಿ ಮುಗಿಸಿದ್ದರು. ಅವರ ಕಥೆಯಲ್ಲಿ ಧಾರೆ ಜಲಪಾತವಾಗಿತ್ತು. ಕೇಳಿದ ಮದುಮಗಳ ತಾಯಿ ತಮ್ಮ ಮನೆಯ ಕಾರಿನ ಏಸಿಯೂ ಸರಿಯಿಲ್ಲ, ಒಮ್ಮೆ ನೋಡುವಿರಾ ಎಂದು ಕೇಳಿದರು. ಹೆಂಗಸರೆಲ್ಲ ನನ್ನ ಹಿಂದೆ ಅಂಗಳಕ್ಕೆ ಬಂದರು. ಏಸಿ ಹಚ್ಚಿಸಿದೆ. ಗಾಳಿ ಬರುತ್ತಿತ್ತು, ತಂಪಿರಲಿಲ್ಲ. ಒಳಗೆ ಕಾಲ ಜಾಗ ಮುಟ್ಟಿ ನೋಡಿದೆ, ಒಣಗಿತ್ತು. ಬಾನೆಟ್ ತೆಗೆಸಿದೆ. ಒಂದು ಪೈಪಿನ ಜೋಡಣೆಯ ಸುತ್ತ ಎಣ್ಣೆಯ ಜಿಡ್ಡು, ಅದರ ಮೇಲೆ ಕಪ್ಪು ಧೂಳು.

"ಇದು ನೀರಿಂದಲ್ರಿ, ಗ್ಯಾಸಿಂದು," ಎಂದೆ. "ಇಲ್ಲಿ ಸೋರಾಕ್ಹತ್ತೈತಿ. ಇದನ್ನ ಮನ್ಯಾಗ ಮುಟ್ಟಬ್ಯಾಡ್ರಿ, ಮಷೀನ್ ಇದ್ದಲ್ಲಿ ತೋರಸ್ರಿ. ಸುಮ್ಮನ ಗ್ಯಾಸ್ ತುಂಬಿಸಿಕೊಂಡು ಬರಬ್ಯಾಡ್ರಿ, ಮೊದಲ ಈ ಜಾಗ ಸರಿ ಮಾಡಾಕ ಹೇಳ್ರಿ."

ಅವರ ಡ್ರೈವರ್ ಬಗ್ಗಿ ನೋಡಿ ಹೌದು ಎಂದು ತಲೆಯಾಡಿಸಿದ. ಕೆಲವೇ ದಿನಗಳ ಹಿಂದೆ ಇದೇ ಮನೆಯಲ್ಲಿ ನನಗೆ ಮಾತು ಹೊರಟಿರಲಿಲ್ಲ. ಈಗ ಎಲ್ಲರೂ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಹೇಳಿದ್ದು ಸರಿಯಾಗಿತ್ತು. ನನಗೆ ಎದೆ ತುಂಬಿ ಬಂತು. ಅದನ್ನು ತೋರಗೊಡದೆ ಬಾನೆಟ್ಟನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿದೆ.

"ನಿಮ್ಮ ಸೊಸಿ ಸೀರಿ ಮಾರಾಕಿನೋ, ಮೆಕ್ಯಾನಿಕ್ಕೋ?" ಎಂದು ಸೋದರತ್ತೆ ಕೇಳಿದಳು.

"ಎರಡೂನು," ಎಂದರು ಅತ್ತೆ. "ಹೋಳಿಗಿ ಆರತಾವ, ನಡೀರಿ ಒಳಗ."

ಸಂಜೆಯ ಮೋಡದಲ್ಲಿ ಹಿಂದಿನ ಸೀಟು ಖಾಲಿ ಮಾಡಿಕೊಂಡು ಊರಿಗೆ ಹೊರಟೆವು. ಅಣೆಕಟ್ಟಿನ ಮೇಲೆ ಅತ್ತೆ ಕಿಟಕಿ ಇಳಿಸಿ ಹೊಳೆಗೆ ಕೈ ಮುಗಿದರು, ಕೂಡಲೇ ಏರಿಸಿದರು. ತಂಪು ಹೊರಗೆ ಹೋಗಬಾರದಂತೆ. ನಮ್ಮನೆಯವರಿಗೆ ಫೋನ್ ಹಚ್ಚಿ ಅರಿಶಿನ ಸೀರೆಯ ಸುದ್ದಿ ಹೇಳಿದರು. ಆ ಕಡೆಯಿಂದ ಹೊಸ ಸೀರೆಗೆ ನೂಲು ನೆನೆಹಾಕಲು ಈಗಲೇ ಎದ್ದೆ ಎಂಬ ಉತ್ತರ ಬಂತು.